ಸಾಲ ಬೇಡ, ಉದ್ರಿ ಅಡ್ಡಿಯಿಲ್ಲ: ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಪ್ರಕರಣ

ನನ್ನ ತಂಗಿಯ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಹೋದ ನಾಗರಪಂಚಮಿಗೆ ಗದಗಿಗೆ ಬಂದಾಗ ಅವನ ನೋಟ್ಸ್ ಕೈಗೆ ಸಿಕ್ಕಿತು. ಅದರಲ್ಲಿ ಒಂದು ಸಾಲು ಹೀಗಿತ್ತು: “ಅಮೆರಿಕ ಮೊದಲ ಮಹಾಯುದ್ಧ ಸೇರಲು ಕಾರಣ, ಲೂಸಿಟೇನಿಯಾ ಹಡಗಿನ ಮುಳುಗಡೆ.” ನನಗೆ ಇತಿಹಾಸಕ್ಕಿಂತ ಮೊದಲು ತಾರೀಖಿನ ಮೇಲೆ ಕಣ್ಣು ಹೋಗುತ್ತದೆ, 30 ವರ್ಷ ಕಿರ್ದಿ ಬರೆದ ಚಟ. ಹಡಗು ಮುಳುಗಿದ್ದು 1915ರ ಮೇ 7. ಅಮೆರಿಕ ಯುದ್ಧ ಸಾರಿದ್ದು 1917ರ ಏಪ್ರಿಲ್ 6. ನಡುವೆ 23 ತಿಂಗಳು!

“ಲೇ, ಬಣವಿಗೆ ಬೆಂಕಿ ಬಿದ್ದು ಎರಡು ವರ್ಷ ಆದ ಮೇಲೆ ಯಾರಾದ್ರೂ ಕೊಡ ತಗೊಂಡು ಓಡ್ತಾರೇನೋ?” ಅಂದೆ.

“ಮಾಮಾ, ಎರಡು ಮಾರ್ಕಿನ ಪ್ರಶ್ನೆ, ಇಷ್ಟ ಸಾಕು ಬಿಡು,” ಅಂದ.

ಅವನಿಗೆ ಸಾಕಿರಬಹುದು. ನನಗೆ ಸಾಕಾಗಲಿಲ್ಲ. ಅಲ್ಲಿಂದ ಹಿಡಿದುಕೊಂಡ ಎಳೆ ಇದು.

ಮೊದಲು ನಮ್ಮ ಅಂಗಡಿಯ ಒಂದು ಸಂಗತಿ ಹೇಳಿಬಿಡುತ್ತೇನೆ, ಯಾಕೆಂದರೆ ಅಮೆರಿಕದ ಪ್ರಕರಣ ನನಗೆ ಅರ್ಥವಾಗಿದ್ದೇ ಅದರ ಮೂಲಕ. ನಾನು ಲೆಕ್ಕ ಬರೆಯುತ್ತಿದ್ದ ದಲಾಲಿ ಅಂಗಡಿಗೆ ಮುಳಗುಂದದ ಕಡೆಯ ಒಂದು ಹಳ್ಳಿಯಿಂದ ಇಬ್ಬರು ದಾಯಾದಿಗಳು ಹತ್ತಿ, ಕಡಲೆ ತರುತ್ತಿದ್ದರು. ಅವರಿಬ್ಬರ ನಡುವೆ ಹೊಲದ ಬದುವಿನ ಜಗಳ ಶುರುವಾಯಿತು. ನಮ್ಮ ಸಾವ್ಕಾರ್ರು ಗಾದಿ ಮೇಲೆ ಕೂತು ಎಲ್ಲರೆದುರು ಹೇಳಿದರು: “ನಮಗ್ಯಾಕ್ ಬೇಕೋ ಅವರ ಜಗಳ? ಇಬ್ಬರೂ ನಮ್ಮ ಗಿರಾಕಿ. ಜಗಳಕ್ಕ ಅಂತ ಯಾರಿಗೂ ರೊಕ್ಕ ಕೊಡೂದಿಲ್ಲ.” ಸರಿ. ಆದರೆ ಬಂಡಿದಾರಿ ಇದ್ದದ್ದು ದೊಡ್ಡವನ ಹೊಲದಲ್ಲಿ. ಅವನು ದಾರಿಗೆ ಮುಳ್ಳು ಹಾಕಿದ. ಚಿಕ್ಕವನ ಮಾಲು ಹೊಲದಲ್ಲೇ ಉಳಿಯಿತು, ದೊಡ್ಡವನ ಮಾಲು ಮಾತ್ರ ಅಂಗಡಿಗೆ ಬಂತು. ಬಂದವನು ಬೀಜ, ಗೊಬ್ಬರ ಉದ್ರಿ ಕೇಳಿದ. ಸಾವ್ಕಾರ್ರು ನನ್ನ ಕಡೆ ನೋಡಿ, “ಸಾಲ ಬ್ಯಾಡ. ಉದ್ರಿ ಅಡ್ಡಿಯಿಲ್ಲ, ಬರಕೋ,” ಅಂದರು. ನಾನು ಬರೆದುಕೊಂಡೆ. ಆ ದಿನ ನಾವು ಪಕ್ಷ ಹಿಡಿದೆವು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮೂರನೇ ವರ್ಷ, ರಾತ್ರಿ ಹೊತ್ತು, ನಮ್ಮ ಮಾಲು ತರುತ್ತಿದ್ದ ಟೆಂಪೋ ಮೇಲೆ ಕಲ್ಲು ಬಿದ್ದು ಹಮಾಲನೊಬ್ಬನ ಕೈ ಮುರಿದಾಗ, ಸಾವ್ಕಾರ್ರು ದೊಡ್ಡವನ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತರು. ಊರವರು “ಟೆಂಪೋ ಮೇಲೆ ಕಲ್ಲು ಹೊಡೆದದ್ದಕ್ಕೆ ಸಿಟ್ಟಾದರು” ಅಂದರು. ನನ್ನ ಖಾತೆ ಪುಸ್ತಕ ಬೇರೆ ಹೇಳುತ್ತಿತ್ತು.

ಈಗ ಅಮೆರಿಕಕ್ಕೆ ಬರೋಣ.

1914ರ ಆಗಸ್ಟ್ ಮೊದಲ ವಾರದಲ್ಲಿ ಯುರೋಪ್ ಹೊತ್ತಿಕೊಂಡಿತು. ಒಂದು ಕಡೆ ಬ್ರಿಟನ್, ಫ್ರಾನ್ಸ್, ರಷ್ಯಾ. ಇನ್ನೊಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗರಿ. ಆಗ ನಾವು, ಅಂದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯವರು, ಇಡೀ ಹಿಂದುಸ್ತಾನದ ಜೊತೆ ಒಂದೇ ದಿನದಲ್ಲಿ ಯುದ್ಧದೊಳಗೆ ಬಂದೆವು. ಲಂಡನ್ನಿನಲ್ಲಿ ರಾಜ ಸಾರಿದರೆ ಮುಗಿಯಿತು, ನಮ್ಮನ್ನು ಯಾರು ಕೇಳಬೇಕು? ಅಮೆರಿಕಕ್ಕೆ ಆಯ್ಕೆ ಇತ್ತು. ಅಧ್ಯಕ್ಷ ವುಡ್ರೊ ವಿಲ್ಸನ್ ಆಗಸ್ಟ್ 4ರಂದೇ ತಟಸ್ಥ ಅಂತ ಘೋಷಿಸಿದರು. ಆಗಸ್ಟ್ 19ರಂದು ಇನ್ನೂ ಮುಂದೆ ಹೋಗಿ, ನಡೆಯಲ್ಲಿ ಮಾತ್ರವಲ್ಲ, ಯೋಚನೆಯಲ್ಲೂ ಪಕ್ಷಪಾತ ಬೇಡ ಅಂತ ಜನರಿಗೆ ಹೇಳಿದರು. ಯೋಚನೆಯಲ್ಲೂ! ಬದುವಿನ ಜಗಳದಲ್ಲೇ ಆಗದ ಮಾತು ಅದು.

ಮೊದಲ ಪೆಟ್ಟು ಬಿದ್ದದ್ದು ಹತ್ತಿಗೆ. ಇದನ್ನು ಓದುವಾಗ ನನಗೆ ನಮ್ಮ ಎಪಿಎಂಸಿ ಯಾರ್ಡೇ ಕಣ್ಣ ಮುಂದೆ ಬಂತು. ಆ ವರ್ಷ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿ ಹಿಂದೆಂದೂ ಬರದಷ್ಟು ಬಂದಿತ್ತು, ಸುಮಾರು 1.6 ಕೋಟಿ ಬೇಲು. ಕೊಳ್ಳುವವರು ಯುರೋಪಿನವರು, ಅವರು ಯುದ್ಧದಲ್ಲಿ. ನ್ಯೂಯಾರ್ಕ್ ಹತ್ತಿ ಪೇಟೆ ಜುಲೈ 31ಕ್ಕೆ ಬಾಗಿಲು ಹಾಕಿ ನವೆಂಬರ್ ಮಧ್ಯದವರೆಗೆ ತೆಗೆಯಲೇ ಇಲ್ಲ. ದರ ಅರ್ಧಕ್ಕೆ ಬಿತ್ತು. “ಒಂದು ಬೇಲು ಕೊಂಡು ರೈತನನ್ನು ಉಳಿಸಿ” ಅಂತ ಪಟ್ಟಣದವರು ಚಳವಳಿ ಮಾಡಿದರು. (ನಮ್ಮ ಕರಿನೆಲಕ್ಕೂ ಆ ಹತ್ತಿಗೂ ಹಳೇ ನಂಟಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತಂದು ಇಲ್ಲಿ ಬಿತ್ತಿಸಿ, ಅದಕ್ಕೆ ಧಾರವಾಡ-ಅಮೆರಿಕನ್ ಅಂತಲೇ ಹೆಸರು ಬಂತು. 1860ರ ದಶಕದಲ್ಲಿ ಅವರಲ್ಲಿ ಅಂತರ್ಯುದ್ಧ ಆದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಯಾರದೋ ಯುದ್ಧ, ಯಾರದೋ ದರ.) ಹತ್ತಿಯೊಂದೇ ಅಲ್ಲ, ಅಮೆರಿಕದ ಒಟ್ಟು ವ್ಯಾಪಾರವೇ ಆಗ ಮಂದವಾಗಿತ್ತು. ಇದನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ತಟಸ್ಥ ದೇಶ ಅಂದರೆ ಹೊಟ್ಟೆ ತುಂಬಿ ದೂರ ಕೂತ ದೇಶ ಅಲ್ಲ. ಅದಕ್ಕೂ ಮಾಲು ಮಾರಬೇಕು.

ವಿದೇಶಾಂಗ ಕಾರ್ಯದರ್ಶಿ (ನಮ್ಮಲ್ಲಿ ವಿದೇಶಾಂಗ ಮಂತ್ರಿ ಇದ್ದಂತೆ) ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅಂತ ಒಬ್ಬರಿದ್ದರು. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಖಾತೆ ಸರಿಯಾಗಿ ಓದಿದವರು ಅವರೊಬ್ಬರೇ. ಯುದ್ಧ ಶುರುವಾದ ಒಂದು ವಾರಕ್ಕೆ ವಿಲ್ಸನ್ನರಿಗೆ ಬರೆದರು: ನಿಷಿದ್ಧ ಸರಕುಗಳಲ್ಲೆಲ್ಲ (ಅಂದರೆ ಯುದ್ಧಕ್ಕೆ ಒದಗುತ್ತದೆ ಅಂತ ಶತ್ರುವಿಗೆ ಹೋಗದಂತೆ ತಡೆಯುವ ಮಾಲುಗಳಲ್ಲಿ) ಕೆಟ್ಟದ್ದು ಹಣ, ಯಾಕೆಂದರೆ ಉಳಿದ ಎಲ್ಲವನ್ನೂ ಅದು ತರಿಸುತ್ತದೆ. ಯುದ್ಧ ಮಾಡುವವರಿಗೆ ಅಮೆರಿಕದ ಬ್ಯಾಂಕುಗಳು ಸಾಲ ಕೊಡುವುದು ತಟಸ್ಥ ನೀತಿಗೆ ಒಪ್ಪುವುದಿಲ್ಲ ಅಂತ ಸರ್ಕಾರವೂ ಹೇಳಿತು. ಕಾನೂನು ಮಾಡಲಿಲ್ಲ, ಸುಮ್ನೆ ಬುದ್ಧಿಮಾತು.

ಅಕ್ಟೋಬರ್‌ನಲ್ಲಿ ಬ್ಯಾಂಕಿನವರು ಬಂದರು. ಸಾಲ ಅಲ್ಲ ಸ್ವಾಮಿ, ಮಾಲು ಕೊಳ್ಳಲು ಅನುಕೂಲವಾಗಲಿ ಅಂತ ಸ್ವಲ್ಪ ದಿನದ ಉದ್ರಿ, ಅಷ್ಟೇ. ಬಾಂಡು ಹೊರಡಿಸಿ ಜನರಿಂದ ಹಣ ಎತ್ತುವುದು ಸಾಲ. ವ್ಯಾಪಾರ ನಡೆಯಲು ಬ್ಯಾಂಕು ಕೊಡುವುದು ಉದ್ರಿ. ವಿಲ್ಸನ್ ಆ ವ್ಯತ್ಯಾಸ ಒಪ್ಪಿದರು. ಬಹಿರಂಗ ಪ್ರಕಟಣೆ ಇಲ್ಲ, ಬಾಯಿಮಾತಿನಲ್ಲೇ ಒಪ್ಪಿಗೆ ಹೋಯಿತು. ಇದನ್ನು ಓದಿದಾಗ ನಮ್ಮ ಸಾವ್ಕಾರ್ರ ಧ್ವನಿಯೇ ಕಿವಿಗೆ ಬಿತ್ತು. ನನ್ನನ್ನು ಕೇಳಿದರೆ ಅಮೆರಿಕದ ತಟಸ್ಥತೆ ಬಿರುಕು ಬಿಟ್ಟದ್ದು ಲೂಸಿಟೇನಿಯಾದ ದಿನ ಅಲ್ಲ, 1914ರ ಅಕ್ಟೋಬರ್‌ನ ಈ ದಿನ. ಯಾರೂ ಸತ್ತಿರಲಿಲ್ಲ. ಪತ್ರಿಕೆಯಲ್ಲಿ ದಪ್ಪ ಅಕ್ಷರವೂ ಇರಲಿಲ್ಲ.

ಕಾಗದದ ಮೇಲೆ ಉದ್ರಿ ಎರಡೂ ಕಡೆಯವರಿಗೆ ಇತ್ತು, ಹೌದು. ಆದರೆ ಬಂಡಿದಾರಿ ಬ್ರಿಟನ್ನಿನ ಕೈಯಲ್ಲಿತ್ತು. ಅವರ ನೌಕಾಪಡೆ ಜರ್ಮನಿಯ ಬಂದರಿಗೆ ಹೋಗುವ ದಾರಿ ಮುಚ್ಚಿತು. 1914ರ ನವೆಂಬರ್‌ನಲ್ಲಿ ಉತ್ತರ ಸಮುದ್ರವನ್ನೇ ಯುದ್ಧವಲಯ ಅಂತ ಸಾರಿತು, ತಟಸ್ಥ ದೇಶಗಳ ಹಡಗುಗಳನ್ನು ತಡೆದು ತಪಾಸಣೆ ಮಾಡಿತು. ಹಾಗಾಗಿ ಅಮೆರಿಕ ಮನಸ್ಸು ಮಾಡಿ ಪಕ್ಷ ಹಿಡಿಯಬೇಕಾಗಿಯೇ ಇರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿಟ್ಟು ಕೂತರೆ ಸಾಕು, ಬರಲು ಸಾಧ್ಯವಿದ್ದವನು ಒಬ್ಬನೇ. ಎರಡು ವರ್ಷದಲ್ಲಿ ಬ್ರಿಟನ್, ಫ್ರಾನ್ಸ್ ಕಡೆಗೆ ಹೋಗುವ ಸರಕು ಮೂರ್ನಾಲ್ಕು ಪಟ್ಟು ಆಯಿತು, ಜರ್ಮನಿ ಕಡೆಯದು ಹೆಚ್ಚು ಕಡಿಮೆ ಸೊನ್ನೆಗೆ ಇಳಿಯಿತು. 1915ರ ಜನವರಿಯಲ್ಲಿ ಜೆ.ಪಿ. ಮಾರ್ಗನ್ ಕಂಪನಿ ಬ್ರಿಟನ್ನಿನ ಖರೀದಿ ಏಜೆಂಟ್ ಆಯಿತು, ಸುಮಾರು ಶೇಕಡಾ 1ರ ದಲಾಲಿಗೆ. ಶೇಕಡಾ ಒಂದು ಅಂದರೆ ಕಡಿಮೆ ಅನ್ನಿಸುತ್ತದೆ; ನಮ್ಮ ಯಾರ್ಡಿನಲ್ಲಿ ಕೂತವರಿಗೆ ಮಾತ್ರ ಗೊತ್ತು ಆ ಒಂದರ ತೂಕ.

ಹತ್ತಿಯ ಕಥೆ ಇನ್ನೊಂದು ಸುತ್ತು ಬರುತ್ತದೆ. ಹತ್ತಿಯಿಂದ ತುಪಾಕಿಯ ಹೊಗೆರಹಿತ ಮದ್ದು ಮಾಡುತ್ತಾರೆ. ಅದಕ್ಕೆ 1915ರ ಆಗಸ್ಟ್‌ನಲ್ಲಿ ಬ್ರಿಟನ್ ಹತ್ತಿಯನ್ನೂ ಪೂರ್ತಿ ನಿಷಿದ್ಧ ಸರಕು ಅಂತ ಸಾರಿತು, ಜರ್ಮನಿಗೆ ಒಂದು ಅರಳೆಯೂ ಹೋಗಬಾರದು. ಅಮೆರಿಕದ ದಕ್ಷಿಣದವರು ಕೆಂಡವಾಗಬೇಕಿತ್ತು, ಅಲ್ವಾ? ಬ್ರಿಟನ್ ಮೊದಲೇ ಲೆಕ್ಕ ಹಾಕಿತ್ತು. ಒಂದು ಪೌಂಡು ಹತ್ತಿಗೆ 10 ಸೆಂಟ್‌ಗಿಂತ ಕೆಳಗೆ ದರ ಬೀಳದಂತೆ ತಾನೇ ಕೊಳ್ಳುವ ಏರ್ಪಾಡು ಮಾಡಿತು. ಸಿಟ್ಟು ತಣ್ಣಗಾಯಿತು. ನನಗೆ ಇದು ಈ ಪ್ರಕರಣದ ಅತ್ಯಂತ ಜಾಣ ನಡೆ ಅನ್ನಿಸುತ್ತದೆ. ಬ್ರಿಟನ್ ಕೂಡ ಅಮೆರಿಕದ ಹಕ್ಕಿಗೆ ದಿನಾ ಕೈ ಹಾಕುತ್ತಿತ್ತು, ಆದರೆ ತಪ್ಪಿಗೆ ತಕ್ಷಣ ರೊಕ್ಕ ಎಣಿಸುತ್ತಿತ್ತು.

ಜರ್ಮನಿಗೆ ರೊಕ್ಕ ಎಣಿಸಿ ಸಮಾಧಾನ ಮಾಡುವ ದಾರಿ ಇರಲಿಲ್ಲ. ಅದರ ಕೈಯಲ್ಲಿದ್ದದ್ದು ಜಲಾಂತರ್ಗಾಮಿ. ಹಳೇ ಕಾನೂನಿನ ಪ್ರಕಾರ ವ್ಯಾಪಾರಿ ಹಡಗನ್ನು ಮುಳುಗಿಸುವ ಮೊದಲು ನಿಲ್ಲಿಸಿ, ಎಚ್ಚರಿಸಿ, ಜನರನ್ನು ಇಳಿಸಬೇಕು. ತೆಳು ಮೈಯ ಜಲಾಂತರ್ಗಾಮಿ ನೀರ ಮೇಲೆ ಬಂದು ಹಾಗೆ ನಿಂತರೆ ಒಂದೇ ತೋಪಿನ ಏಟಿಗೆ ಅದೇ ಮುಳುಗುತ್ತದೆ. 1915ರ ಫೆಬ್ರವರಿ 4ರಂದು ಜರ್ಮನಿ ಬ್ರಿಟನ್ ಸುತ್ತಲಿನ ನೀರೆಲ್ಲ ಯುದ್ಧವಲಯ ಅಂತ ಸಾರಿತು. ಒಂದು ವಾರದೊಳಗೆ ವಿಲ್ಸನ್ ಉತ್ತರ ಕೊಟ್ಟರು: ಅಮೆರಿಕದ ಹಡಗಿಗೋ ಜನರಿಗೋ ಏನಾದರೂ ಆದರೆ ಜರ್ಮನಿಯೇ ಪೂರ್ತಿ ಹೊಣೆ. ಒಬ್ಬನು ಮಾಲು ಹಿಡಿದಿಟ್ಟುಕೊಳ್ಳುತ್ತಾನೆ, ಇನ್ನೊಬ್ಬನು ಪ್ರಾಣ ತೆಗೆಯುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ ಅಂತ ವಿಲ್ಸನ್ ಅಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ಮಾತಿನಿಂದ ಒಂದು ಗೆರೆ ಎಳೆದಂತಾಯಿತು, ಮತ್ತು ಗೆರೆ ದಾಟುವುದು ಬಿಡುವುದು ಈಗ ಎದುರಿನವನ ಕೈಯಲ್ಲಿ.

ಲೂಸಿಟೇನಿಯಾ ಕಥೆ ಎಲ್ಲರಿಗೂ ಗೊತ್ತು, ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕ್‌ನಿಂದ ಹೊರಡುವ ದಿನವೇ ಪತ್ರಿಕೆಯಲ್ಲಿ ಜರ್ಮನ್ ರಾಯಭಾರ ಕಚೇರಿಯ ಎಚ್ಚರಿಕೆ ಅಚ್ಚಾಗಿತ್ತು. ಹಡಗು ಬ್ರಿಟನ್ನಿನದು, ಸಾಮಾನಿನ ಜೊತೆ 4,200 ಪೆಟ್ಟಿಗೆ ತೋಟಾ ಇತ್ತು. ಐರ್ಲೆಂಡ್ ಹತ್ತಿರ ಯು-20 ಎಂಬ ಜರ್ಮನ್ ಜಲಾಂತರ್ಗಾಮಿ ಬಿಟ್ಟ ಟಾರ್ಪೆಡೋಗೆ 18 ನಿಮಿಷದಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು, ಅದರಲ್ಲಿ 128 ಅಮೆರಿಕನ್ನರು. ದೇಶ ನಡುಗಿತು, ಆದರೆ ಯುದ್ಧ ಬೇಕು ಅಂದವರು ಕಡಿಮೆಯೇ. ವಿಲ್ಸನ್ ಖಾರವಾದ ಪತ್ರ ಬರೆದರು. ಬ್ರಯಾನ್ ಮಾತ್ರ ಬೇರೆ ಹೇಳಿದರು: ಯುದ್ಧ ಸಾಮಗ್ರಿ ತುಂಬಿದ ಹಡಗು ಪ್ರಯಾಣಿಕರನ್ನು ನೆಚ್ಚಿ ಏಟಿನಿಂದ ಪಾರಾಗಲು ನೋಡುವುದು, ಸೈನ್ಯದ ಮುಂದೆ ಹೆಂಗಸರು ಮಕ್ಕಳನ್ನು ನಿಲ್ಲಿಸಿದಂತೆ. ಬ್ರಿಟನ್ನಿಗೂ ಅಷ್ಟೇ ಖಾರವಾಗಿ ಬರೆಯಿರಿ, ನಮ್ಮ ಜನ ಅಂಥ ಹಡಗು ಹತ್ತದಂತೆ ನೋಡಿಕೊಳ್ಳಿ ಅಂದರು. ಕೇಳಲಿಲ್ಲ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೋದರು. ಅವರ ಜಾಗಕ್ಕೆ ರಾಬರ್ಟ್ ಲ್ಯಾನ್ಸಿಂಗ್ ಬಂದರು, ಬ್ರಿಟನ್ ಕಡೆಗೆ ಒಲವಿದ್ದವರು. ಲೂಸಿಟೇನಿಯಾ ಅಮೆರಿಕವನ್ನು ಯುದ್ಧಕ್ಕೆ ತರಲಿಲ್ಲ. ಬೇಡ ಅನ್ನುವ ಮನುಷ್ಯನನ್ನು ಕೋಣೆಯಿಂದ ಹೊರಗೆ ಕಳಿಸಿತು. ನೋಟ್ಸ್‌ನಲ್ಲಿ ಬರೆಯಬೇಕಾದದ್ದು ಇದು.

ಬ್ರಯಾನ್ ಹೋದ ಮೇಲೆ ಮೂರ್ನಾಲ್ಕು ತಿಂಗಳಲ್ಲೇ ಉದ್ರಿ ಸಾಲವಾಯಿತು. ಬ್ರಿಟನ್ನಿನ ಹತ್ತಿರ ಡಾಲರ್ ಕಡಿಮೆಯಾಗುತ್ತಿತ್ತು. ಹಣಕಾಸು ಕಾರ್ಯದರ್ಶಿ ಮ್ಯಾಕಡೂ (ವಿಲ್ಸನ್ನರ ಅಳಿಯ ಕೂಡ ಹೌದು), ಸಾಲ ಕೊಡದಿದ್ದರೆ ಅವರು ಕೊಳ್ಳುವುದು ನಿಲ್ಲಿಸುತ್ತಾರೆ, ನಮ್ಮ ಸುಗ್ಗಿ ಮುಗಿಯುತ್ತದೆ ಅಂದರು. ಲ್ಯಾನ್ಸಿಂಗ್ ಕೂಡ ಅದನ್ನೇ ಬರೆದರು. ಅಕ್ಟೋಬರ್‌ನಲ್ಲಿ ಬ್ರಿಟನ್, ಫ್ರಾನ್ಸ್ ಎರಡಕ್ಕೂ ಸೇರಿ 50 ಕೋಟಿ ಡಾಲರ್ ಸಾಲದ ಬಾಂಡು ಹೊರಬಂತು. 1917ರ ಏಪ್ರಿಲ್ ಹೊತ್ತಿಗೆ ಮಿತ್ರಪಕ್ಷದವರ (ಬ್ರಿಟನ್, ಫ್ರಾನ್ಸ್ ಕಡೆಯವರ) ಬಾಕಿ 200 ಕೋಟಿ ಡಾಲರ್ ದಾಟಿತ್ತು. ಜರ್ಮನಿಯದು 3 ಕೋಟಿಗೂ ಕಡಿಮೆ. ಹಳೇ ಉದ್ರಿ ಉಳಿಸಿಕೊಳ್ಳಲು ಹೊಸ ಉದ್ರಿ ಕೊಡುವುದು, ಇದನ್ನು ನಾನು ಎಷ್ಟು ಖಾತೆಯಲ್ಲಿ ನೋಡಿಲ್ಲ!

ಇಲ್ಲಿ ನಿಲ್ಲಬೇಕು. “ಅಂದ್ರೆ ಸಾಲ ಮುಳುಗಬಾರದು ಅಂತ ಯುದ್ಧ ಮಾಡಿದ್ರು, ಅಷ್ಟ ಅಲ್ಲ ಮಾಮಾ?” ಅಂತ ಹುಡುಗ ಕೇಳಿದ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ 1916 ಈ ಲೆಕ್ಕಕ್ಕೆ ಕೂಡುವುದಿಲ್ಲ. ಆ ವರ್ಷ ವಿಲ್ಸನ್ನರಿಗೆ ಬ್ರಿಟನ್ ಮೇಲೆ ಜರ್ಮನಿಯಷ್ಟೇ ಸಿಟ್ಟು ಬಂದಿತ್ತು. ಜುಲೈನಲ್ಲಿ ಬ್ರಿಟನ್ 80ಕ್ಕೂ ಹೆಚ್ಚು ಅಮೆರಿಕನ್ ವ್ಯಾಪಾರಸ್ಥರನ್ನು ಕಪ್ಪುಪಟ್ಟಿಗೆ ಸೇರಿಸಿತು. ನವೆಂಬರ್ ಕೊನೆಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಮಂಡಳಿಯೇ, ಅಡವು ಇಲ್ಲದ ವಿದೇಶಿ ಸರ್ಕಾರಿ ಹುಂಡಿಗಳಿಗೆ ಹಣ ಹಾಕಬೇಡಿ ಅಂತ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಲಂಡನ್ನಿನಲ್ಲಿ ಗಡಬಡಿ ಎದ್ದಿತು. ಸಾಲಕ್ಕೆ ಕಟ್ಟುಬಿದ್ದ ದೇಶ ಹೀಗೆ ಮಾಡುವುದಿಲ್ಲ. ಅಂಗಡಿಯ ಹೋಲಿಕೆ ಇಲ್ಲಿ ಪೂರ್ತಿ ಕೂಡುವುದಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಸಾಲ ಯುದ್ಧಕ್ಕೆ ದೂಡಲಿಲ್ಲ, ಹಿಂದೆ ಸರಿಯುವ ದಾರಿಯನ್ನು ಕಿರಿದು ಮಾಡಿತು.

ದಾರಿ ಕಿರಿದಾದ ಇನ್ನೊಂದು ಕಡೆ ಇದೆ. 1916ರ ಮಾರ್ಚ್‌ನಲ್ಲಿ ಸಸೆಕ್ಸ್ ಎಂಬ ಫ್ರೆಂಚ್ ಹಡಗಿಗೆ ಟಾರ್ಪೆಡೋ ಬಿತ್ತು. ವಿಲ್ಸನ್, ಇದು ನಿಲ್ಲದಿದ್ದರೆ ಸಂಬಂಧ ಕಡಿಯುತ್ತೇನೆ ಅಂದರು. ಮೇ ತಿಂಗಳಲ್ಲಿ ಜರ್ಮನಿ ಮಾತು ಕೊಟ್ಟಿತು, ಎಚ್ಚರಿಕೆ ಇಲ್ಲದೆ ವ್ಯಾಪಾರಿ ಹಡಗು ಮುಳುಗಿಸುವುದಿಲ್ಲ. ಎಲ್ಲರೂ ವಿಲ್ಸನ್ ಗೆದ್ದರು ಅಂದರು. ಆ ವರ್ಷದ ಚುನಾವಣೆಯಲ್ಲಿ “ನಮ್ಮನ್ನು ಯುದ್ಧದಿಂದ ಹೊರಗಿಟ್ಟವರು” ಅಂತಲೇ ಅವರ ಪ್ರಚಾರ ನಡೆಯಿತು, ಕ್ಯಾಲಿಫೋರ್ನಿಯಾದಲ್ಲಿ 4,000ಕ್ಕೂ ಕಡಿಮೆ ಮತಗಳ ಅಂತರದಲ್ಲಿ ಪಾರಾಗಿ ಅಧ್ಯಕ್ಷರಾದರು. ಆದರೆ ನೋಡಿ, ಆ ಬೆದರಿಕೆಯ ನಂತರ ಅಮೆರಿಕ ಯುದ್ಧಕ್ಕೆ ಬರುವ ದಿನವನ್ನು ನಿರ್ಧರಿಸುವವರು ಬರ್ಲಿನ್‌ನಲ್ಲಿ ಕೂತಿದ್ದರು. ಅದಕ್ಕೂ ಸ್ವಲ್ಪ ಮುಂಚೆ, ನಮ್ಮ ಜನ ಯುದ್ಧನಿರತರ ಹಡಗು ಹತ್ತುವುದು ಬೇಡ ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಗೋರ್, ಮೆಕ್‌ಲೆಮೋರ್ ಎಂಬಿಬ್ಬರು ನಿರ್ಣಯ ತಂದಿದ್ದರು, ಅಂದರೆ ಬ್ರಯಾನ್ ಹೇಳಿದ್ದೇ. ವಿಲ್ಸನ್ ಒತ್ತಾಯ ಮಾಡಿ ಬೀಳಿಸಿದರು. ಒಂದು ಹಕ್ಕು ಬಿಟ್ಟರೆ ಎಲ್ಲವೂ ಜಾರುತ್ತದೆ ಅಂತ ಅವರ ವಾದ. ಮಾನದ ಪ್ರಶ್ನೆ ಮಾಡಿಕೊಂಡರೆ ಬದು ಕೂಡ ದೇಶವಾಗುತ್ತದೆ.

ಜರ್ಮನಿಯ ನೌಕಾಪಡೆಯ ಮುಖ್ಯಸ್ಥ ಹೋಲ್ಟ್‌ಸೆನ್‌ಡಾರ್ಫ್ 1916ರ ಡಿಸೆಂಬರ್‌ನಲ್ಲಿ ಲೆಕ್ಕ ಕೊಟ್ಟ: ತಿಂಗಳಿಗೆ 6 ಲಕ್ಷ ಟನ್ ಹಡಗು ಮುಳುಗಿಸಿದರೆ ಐದು ತಿಂಗಳಲ್ಲಿ ಬ್ರಿಟನ್ ಮಂಡಿಯೂರುತ್ತದೆ, ಅಮೆರಿಕ ಬರುತ್ತದೆ ನಿಜ, ಆದರೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 1917ರ ಜನವರಿ 9ರಂದು ನಿರ್ಧಾರವಾಯಿತು. ಬ್ರಿಟನ್ನಿನ ಡಾಲರ್ ಬರಿದಾಗುತ್ತಿದ್ದ ಹೊತ್ತಿಗೆ ಸರಿಯಾಗಿ! ನಾಲ್ಕು ತಿಂಗಳು ತಡೆದಿದ್ದರೆ ಉದ್ರಿ ತಾನೇ ನಿಲ್ಲುತ್ತಿತ್ತೇನೋ ಅನ್ನಿಸುತ್ತದೆ. ಎದುರಾಳಿಯ ಮನೆ ಬರಿದಾಗುವುದನ್ನು ಕಾಯದೆ ಬಾಗಿಲಿಗೆ ಕಲ್ಲು ಹೊಡೆದರು.

ಆಮೇಲೆ ಎಲ್ಲ ಬೇಗ ಬೇಗ. ಫೆಬ್ರವರಿ 1ರಿಂದ ಎಚ್ಚರಿಕೆ ಇಲ್ಲದ ದಾಳಿ. 3ಕ್ಕೆ ಅಮೆರಿಕ ಸಂಬಂಧ ಕಡಿಯಿತು. ಮಾರ್ಚ್ 1ಕ್ಕೆ ಪತ್ರಿಕೆಗಳಲ್ಲಿ ಜರ್ಮನಿಯ ವಿದೇಶಾಂಗ ಕಾರ್ಯದರ್ಶಿ ಝಿಮ್ಮರ್‌ಮನ್ ತಂತಿ ಬಂತು: ಅಮೆರಿಕ ಯುದ್ಧಕ್ಕೆ ಇಳಿದರೆ ನಮ್ಮ ಜೊತೆ ಸೇರಿ ಅದರ ಮೇಲೆ ಏರಿ ಹೋಗು, ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಝೋನಾ ವಾಪಸ್ ಸಿಗುತ್ತವೆ ಅಂತ ಮೆಕ್ಸಿಕೋಗೆ ಜರ್ಮನಿಯ ಆಮಿಷ. ಸುಳ್ಳು ಅನ್ನಬಹುದಿತ್ತು, ಎರಡೇ ದಿನಕ್ಕೆ ಝಿಮ್ಮರ್‌ಮನ್ ತಾನೇ “ಹೌದು, ನಾನೇ ಕಳಿಸಿದ್ದು” ಅಂದ. ಮಾರ್ಚ್ ಮಧ್ಯದಲ್ಲಿ ಮೂರು ಅಮೆರಿಕನ್ ಹಡಗು ಮುಳುಗಿದವು. ರಷ್ಯಾದಲ್ಲಿ ತ್ಸಾರ್ ಬಿದ್ದ, ಅದರಿಂದ ಪ್ರಜಾಪ್ರಭುತ್ವಕ್ಕಾಗಿ ಯುದ್ಧ ಅನ್ನುವ ಮಾತು ಹೇಳಲು ಸುಲಭವಾಯಿತು. ಏಪ್ರಿಲ್ 2ರಂದು ವಿಲ್ಸನ್ ಅದನ್ನೇ ಹೇಳಿದರು. ಸೆನೆಟ್‌ನಲ್ಲಿ 82ಕ್ಕೆ 6, ಕೆಳಮನೆಯಲ್ಲಿ 373ಕ್ಕೆ 50. ಬೇಡ ಅಂದ ಆರು ಜನರಲ್ಲಿ ನೆಬ್ರಾಸ್ಕಾದ ಜಾರ್ಜ್ ನಾರಿಸ್, ನಮ್ಮ ಬಾವುಟದ ಮೇಲೆ ಡಾಲರ್ ಗುರುತು ಹಾಕಲು ಹೊರಟಿದ್ದೇವೆ ಅಂದರು. ಯುದ್ಧ ಮುಗಿಯುವಷ್ಟರಲ್ಲಿ 1,16,000 ಅಮೆರಿಕನ್ ಸೈನಿಕರು ಸತ್ತಿದ್ದರು, ಅರ್ಧದಷ್ಟು ಜನ ಗುಂಡಿಗಲ್ಲ, ಕಾಯಿಲೆಗೆ.

ಹಡಗು ಮುಳುಗಿದರೆ ಯುದ್ಧಕ್ಕೆ ಇಳಿಯಲೇಬೇಕು ಅನ್ನುವವರಿಗೆ ನಾನು ನಾರ್ವೆ ತೋರಿಸುತ್ತೇನೆ. ಆ ಚಿಕ್ಕ ದೇಶ ತನ್ನ ವ್ಯಾಪಾರಿ ಹಡಗುಗಳಲ್ಲಿ ಹೆಚ್ಚು ಕಡಿಮೆ ಅರ್ಧವನ್ನು ಕಳೆದುಕೊಂಡಿತು, ಸುಮಾರು 2,000 ನಾವಿಕರು ಸತ್ತರು. ಅದರ ಸರಕೂ ಬ್ರಿಟನ್ ಕಡೆಗೇ ಜಾಸ್ತಿ ಹೋಗುತ್ತಿತ್ತು. ಆದರೂ ಕೊನೆಯವರೆಗೆ ಯುದ್ಧ ಸಾರಲಿಲ್ಲ. ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್ ಕೂಡ ಹೊರಗೇ ಉಳಿದವು. ಅವು ದುರ್ಬಲ ದೇಶಗಳು, ಬೈಗುಳ ನುಂಗುವುದು ಅವಕ್ಕೆ ಅಭ್ಯಾಸ. ಹೊಣೆ ಹೊರಿಸುತ್ತೇನೆ ಅಂತ ಬೆದರಿಸುವ ಶಕ್ತಿ ಇದ್ದದ್ದು ಅಮೆರಿಕಕ್ಕೆ ಮಾತ್ರ, ಮತ್ತು ಬೆದರಿಸಿದ ಮೇಲೆ ಸುಮ್ಮನಿರಲು ಆಗದ್ದೂ ಅದಕ್ಕೇ.

ಸಾಕ್ಷಿ ಹೇಳಿ ಬಂದ ವರ್ಷ ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜೆ ಮಾಡುವಾಗ, ದೊಡ್ಡವನ ಬಾಕಿಯನ್ನು ಏನು ಮಾಡಲಿ ಅಂತ ಸಾವ್ಕಾರ್ರನ್ನು ಕೇಳಿದ್ದೆ. ಕೇಸು ಗೆದ್ದಿದ್ದ, ಆದರೆ ಕೋರ್ಟು ಖರ್ಚಿಗೆ ಎತ್ತು ಮಾರಿದ್ದ. “ಮುಂದಿನ ಪುಸ್ತಕಕ್ಕ ಎಳಕೋ,” ಅಂದರು. ಹೀಗೆ ನಾಲ್ಕು ದೀಪಾವಳಿ ಎಳೆದುಕೊಂಡೆ. ಅದೇ ಚಟಕ್ಕೆ ಅಮೆರಿಕದ ಬಾಕಿ ಏನಾಯಿತು ಅಂತಲೂ ಹುಡುಕಿದೆ. 1915ರ ಆ 50 ಕೋಟಿಯ ಬಾಂಡು, ಮಾರ್ಗನ್ ಕೂಡಿಸಿಕೊಟ್ಟದ್ದು, ಐದು ವರ್ಷದ ವಾಯಿದೆಗೆ ಸರಿಯಾಗಿ 1920ರಲ್ಲಿ ತೀರಿತು. ಯುದ್ಧಕ್ಕೆ ಇಳಿದ ಮೇಲೆ ಅಮೆರಿಕ ಸರ್ಕಾರವೇ ತನ್ನ ಜನರಿಂದ ಎತ್ತಿ ಮಿತ್ರಪಕ್ಷಕ್ಕೆ ಕೊಟ್ಟ ದೊಡ್ಡ ಸಾಲ ಹಾಗೆ ತೀರಲಿಲ್ಲ. 1934ಕ್ಕೆ ಬ್ರಿಟನ್ ಕಂತು ನಿಲ್ಲಿಸಿತು, ಫ್ರಾನ್ಸ್ ಅದಕ್ಕೂ ಮೊದಲೇ ನಿಲ್ಲಿಸಿತ್ತು. ಫಿನ್ಲೆಂಡ್ ಒಂದೇ ಕಟ್ಟುತ್ತಾ ಹೋಯಿತು. ಅದು ತಗೊಂಡದ್ದು ಯುದ್ಧಕ್ಕಲ್ಲ, ಯುದ್ಧ ಮುಗಿದ ಮೇಲೆ ಹಸಿದವರಿಗೆ ಕಾಳು ತರಿಸಲು.